ಬೀಜದಜ್ಜಿಯನ್ನು ಸಾಯಿಸಿದವಳು

"ನಮ್ಮಮ್ಮನ್ನ ಸಾಯಿಸಿದ್ದು ಯಾರು?"

ಅಚ್ಚುಮನೆಯ ಬಾಗಿಲಲ್ಲಿ ನಿಂತವನು ಕೂಗಲಿಲ್ಲ. ಮೆಲ್ಲಗೇ ಕೇಳಿದ.

ಕಾಗದ ಕತ್ತರಿಸುವ ಯಂತ್ರ ನಿಂತುಹೋಯಿತು. ಬೈಂಡಿಂಗ್ ಮೇಜಿನಲ್ಲಿ ಗೋಂದು ಹಚ್ಚುತ್ತಿದ್ದ ಹೆಂಗಸರು ಬ್ರಷ್ ಹಿಡಿದ ಕೈಯನ್ನ ಗಾಳಿಯಲ್ಲೇ ಬಿಟ್ಟು ಕೂತರು. ಗಾಜಿನ ಕೋಣೆಯೊಳಗಿದ್ದ ಪ್ರಕಾಶಕರು ಅರ್ಧ ಎದ್ದವರು, ಪೂರ್ತಿ ಏಳಬೇಕೋ ಮತ್ತೆ ಕೂರಬೇಕೋ ತಿಳಿಯದೆ ಹಾಗೇ ಬಗ್ಗಿಕೊಂಡು ನಿಂತರು.

ಬಂದವನ ಕೈಯಲ್ಲಿ ಒಂದು ಪುಸ್ತಕ. ಮೊನ್ನೆ ತಾನೇ ಇಲ್ಲಿಂದ ಹೊರಟದ್ದು, ಗೋಂದಿನ ವಾಸನೆ ಕೂಡ ಆರಿಲ್ಲ.

'ಅಯ್ಯೋ... ಇವರಾ?'

ಮೂಲೆಯ ಮೇಜಿನಲ್ಲಿ ಕೂತಿದ್ದವಳು ಪೆನ್ನು ಕೆಳಗಿಟ್ಟಳು. ಎದುರಿಗೆ ನೋಡಿದ್ದು ಇದೇ ಮೊದಲು. ಆದರೆ ಪುಸ್ತಕದ ಹಿಂಬದಿಯ ಫೋಟೋ ಸರಿಯಾಗಿದೆ ಅಂತ ಒಪ್ಪಿಗೆ ಕೊಟ್ಟವಳೇ ಅವಳು. ಫೋಟೋದಲ್ಲಿ ನಗುತ್ತಿದ್ದ ಕಥೆಗಾರ, ಈಗ ಗರ ಬಡಿದವನ ಹಾಗೆ ನಿಂತಿದ್ದ.

ಅಂದಹಾಗೆ, ಅಚ್ಚುಮನೆಯಲ್ಲಿ ಎಲ್ಲರೂ ಅವಳನ್ನ ಕರೆಯೋದು ಕರಡಕ್ಕ ಅಂತ. ಅಚ್ಚಿಗೆ ಹೋಗೋ ಮುಂಚೆ ಕರಡು ಪ್ರತಿ ಓದಿ ತಪ್ಪು ತಿದ್ದೋದು ಅವಳ ಕೆಲಸ. ಇನ್ನೂ ಮೂವತ್ತು ದಾಟಿಲ್ಲ. ಆದರೂ ತಲೆ ಪೂರ್ತಿ ನರೆತಿರೋ ಪ್ರಕಾಶಕರು ಕೂಡ ಅಕ್ಕ ಅಂತಲೇ ಕರೀತಾರೆ. ತಪ್ಪು ಹಿಡಿಯೋರಿಗೆ ಯಾರು ತಾನೇ ಹೆದರಲ್ಲ ಹೇಳಿ?

ಇವತ್ತು ಮಾತ್ರ ಹೆದರುವ ಸರದಿ ಅವಳದ್ದು.

"ನಾನೇ," ಎಂದು ಎದ್ದು ನಿಂತಳು. "ಆದ್ರೆ ಸರ್... ನಿಮ್ಮಮ್ಮ ಯಾರು ಅಂತ ನನಗೆ ಗೊತ್ತಿಲ್ವಲ್ಲ..."

ಅವನು ನಡೆದು ಬಂದು ಪುಸ್ತಕ ತೆರೆದು ಮೂರನೇ ಕಥೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

'ಆ ಚಳಿಗಾಲ ಮುಗಿಯುವ ಮುನ್ನ, ಬಿತ್ತಿದ್ದೆಲ್ಲ ಮೊಳೆತದ್ದು ನೋಡಿಕೊಂಡು, ಬೀಜದಜ್ಜಿ ನಿದ್ದೆಯಲ್ಲೇ ಹೊರಟುಹೋದಳು.'

"ಈ ಸಾಲು ನಾನು ಬರೆದಿಲ್ಲ."

ಇಲ್ಲ, ಅವನು ಬರೆದದ್ದಲ್ಲ. ಅವಳು ಬರೆದದ್ದು.

ಆ ಪುಸ್ತಕ ಮನುಷ್ಯಕುಲದ ಮುಂದಿನ ಮೂರು ಸಾವಿರ ವರ್ಷಗಳ ಕಥೆ. ಒಂದರ ಬಾಲ ಹಿಡಿದು ಇನ್ನೊಂದು ಬರೋ ಹನ್ನೆರಡು ಕಥೆಗಳು. ಮೊದಲನೆಯದರಲ್ಲಿ ಕೊನೆಯ ನೌಕೆ ಭೂಮಿ ಬಿಟ್ಟು ಹೊರಡುತ್ತೆ. ಎರಡನೆಯದರಲ್ಲಿ ನೌಕೆಯಲ್ಲೇ ಹುಟ್ಟಿದ ಮಕ್ಕಳು, ಮಳೆ ಅಂದ್ರೆ ಏನು ಅಂತ ಕೇಳ್ತವೆ. ಆಮೇಲೆ ಮಂಜುಗಡ್ಡೆಯ ಗ್ರಹ, ನಿದ್ದೆಯನ್ನೇ ಮರೆತ ಊರು, ಬಾಯಿ ಬಿಡದೆ ಬೆಳಕಲ್ಲೇ ಮಾತಾಡೋ ಜನ... ಕೊನೆಯ ಕಥೆಯಲ್ಲಿ ಕೆಲವರು ಖಾಲಿ ಬಿದ್ದ ಭೂಮಿಗೆ ವಾಪಸ್ ಬಂದಿಳೀತಾರೆ.

ಹನ್ನೆರಡು ಕಥೆಗಳಲ್ಲೂ ಇರೋಳು ಒಬ್ಬಳೇ, ಬೀಜದಜ್ಜಿ. ಭೂಮಿಯಿಂದ ತಂದ ಬೀಜಗಳನ್ನ ಕಾಯೋಳು. 'ಕೈ ತೊಳ್ಕೊಂಡು ಮುಟ್ರೋ' ಅಂತ ಎಲ್ಲ ಶತಮಾನದವರಿಗೂ ಬೈಯೋಳು.

ಹೀಗೆ ಕೊಂಡಿ ಹಾಕಿಕೊಂಡ ಕಥೆಗಳು ಬಂದಾಗ ಕರಡಕ್ಕ ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಯಾರು ಯಾವಾಗ ಹುಟ್ಟಿದರು, ಯಾವಾಗ ಸತ್ತರು ಅಂತ ಗೆರೆ ಎಳೀತಾಳೆ. ಒಂದು ಕಥೆಯಲ್ಲಿ ಸತ್ತವನು ಇನ್ನೊಂದರಲ್ಲಿ ಕಾಫಿ ಕುಡೀತಾ ಕೂತಿರಬಾರದಲ್ಲ. ಎಲ್ಲರ ಗೆರೆ ಎಲ್ಲೋ ಒಂದು ಕಡೆ ನಿಂತಿತು. ಅಜ್ಜಿಯ ಗೆರೆ ಮಾತ್ರ ಗೋಡೆ ಮುಗಿದು, ಮೂಲೆ ತಿರುಗಿ, ಕಿಟಕಿವರೆಗೆ ಹೋಯಿತು.

ಕಥೆಗಾರನಿಗೆ ಚೀಟಿ ಕಳಿಸಿದಳು. 'ಈ ಅಜ್ಜಿ ಮೂರನೇ ಕಥೆಯ ಹೊತ್ತಿಗೆ ತೀರಿಕೊಂಡಿರಬೇಕಲ್ಲವೇ?' ಉತ್ತರ ಬರಲಿಲ್ಲ. ಮತ್ತೊಂದು ಕಳಿಸಿದಳು. ಅದಕ್ಕೂ ಇಲ್ಲ. ಗಡುವಿನೊಳಗೆ ಲೇಖಕರು ಮಾತಾಡದಿದ್ದರೆ ತಿದ್ದುಪಡಿಗೆ ಒಪ್ಪಿದ ಹಾಗೇ ಅನ್ನೋದು ಆ ಅಚ್ಚುಮನೆಯ ಪದ್ಧತಿ. ಸರಿ, ಅಜ್ಜಿಯನ್ನ ಮೂರನೇ ಕಥೆಯಲ್ಲಿ ನೆಮ್ಮದಿಯಾಗಿ ಕಳಿಸಿಕೊಟ್ಟು, ಮುಂದೆ ಅಜ್ಜಿ ಬಂದ ಕಡೆಯೆಲ್ಲ ಮಗಳು, ಮೊಮ್ಮಗಳು, ಮರಿಮಗಳನ್ನ ಕೂರಿಸಿದ್ದಳು. ಎಷ್ಟು ಚೊಕ್ಕವಾಗಿ ಮಾಡಿದೆ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು ಕೂಡ.

"ಚೀಟಿಗೆ ಉತ್ತರ ಬರ್ಲಿಲ್ಲ ಸರ್..." ದನಿ ಅವಳಿಗೇ ಕೇಳಿಸಲಿಲ್ಲ.

"ನಾನು ಆಸ್ಪತ್ರೇಲಿದ್ದೆ. ಅಮ್ಮನ ಜೊತೆ. ಬಂದ ಚೀಟಿ ಯಾವುದನ್ನೂ ಒಡೆದು ನೋಡಿಲ್ಲ." ಅವನು ಅಲ್ಲೇ ಇದ್ದ ಕಾಗದದ ಕಟ್ಟಿನ ಮೇಲೆ ಕುಸಿದು ಕೂತ. "ಬೀಜದಜ್ಜಿ ಅಂದ್ರೆ ನಮ್ಮಮ್ಮ. ಬೀಜ ಸಂಗ್ರಹಾಲಯದಲ್ಲಿ ಕೆಲಸ ಮಾಡ್ತಿದ್ಲು. ಚಿಕ್ಕವನಿದ್ದಾಗ ನಮ್ಮಪ್ಪ ತೀರಿಹೋದ್ರು. ನೀನೂ ಹೋಗ್ತೀಯಾ ಅಂತ ಕೇಳಿದ್ದೆ. 'ನೀನು ಕಥೆ ಬರಿ ಮಗನೇ, ಅದರಲ್ಲಿ ನಾನು ಎಲ್ಲೂ ಹೋಗಲ್ಲ' ಅಂದಿದ್ಲು."

ಅವನು ಪುಸ್ತಕವನ್ನ ಮಡಿಲಲ್ಲಿಟ್ಟು ಮುಚ್ಚಿದ.

"ನಾಳೆ ಅಮ್ಮ ಮನೆಗೆ ಬರ್ತಾಳೆ. ಇನ್ನು ಮಾಡೋದೇನೂ ಇಲ್ಲ, ಮನೇಲೇ ಇರ್ಲಿ ಅಂದ್ರು ಡಾಕ್ಟ್ರು. ಬಂದ ತಕ್ಷಣ ಪುಸ್ತಕ ಓದು ಅಂತಾಳೆ. ಕಣ್ಣು ಮಂಜಾಗಿದೆ, ಅವಳಿಗೆ ಯಾರಾದ್ರೂ ಓದ್ಬೇಕು. ನಾನು ಓದಿದ್ರೆ ಅರ್ಧ ನುಂಗ್ತೀನಿ ಅಂತ ಬೈತಾಳೆ... ಅವಳಿಗೆ ಏನಂತ ಹೇಳ್ಲಿ? ನೀನು ಮೂರನೇ ಕಥೇಲೇ ಸತ್ತೆ ಅಂತ್ಲಾ?"

ನೆಲ ಬಾಯಿ ಬಿಟ್ಟಿದ್ದರೆ ಕರಡಕ್ಕ ಅವತ್ತೇ ಒಳಗೆ ಹೋಗುತ್ತಿದ್ದಳು. ಬಿಡಲಿಲ್ಲವಲ್ಲ, ಹಾಗಾಗಿ ಬಾಯಿಗೆ ಬಂದದ್ದನ್ನ ಹೇಳಿಬಿಟ್ಟಳು.

"ನಾನು ಬಂದು ಓದ್ತೀನಿ. ಎಲ್ಲೆಲ್ಲಿ ತೆಗೆದಿದೀನಿ ಅಂತ ನನಗೆ ಬಾಯಿಪಾಠ. ಓದ್ತಾ ಓದ್ತಾನೇ ಅಜ್ಜೀನ ಬದುಕಿಸ್ತೀನಿ."

ಅವನು ತಲೆಯೆತ್ತಿ ಅವಳನ್ನ ನೋಡಿದ. ಅಷ್ಟು ದಣಿದ ಕಣ್ಣುಗಳನ್ನ ಅವಳು ಯಾವ ಫೋಟೋದಲ್ಲೂ ನೋಡಿರಲಿಲ್ಲ.

* * *

ಮನೆ ಮೂರನೇ ಮಹಡಿಯಲ್ಲಿತ್ತು. ಒಂದು ಮಂಚ, ಕಿಟಕಿಯ ಪಕ್ಕ ಒದ್ದೆ ಕಾಗದದ ಮೇಲೆ ಮೊಳಕೆಗಿಟ್ಟ ಬೀಜಗಳು, ಮಂಚದ ಮೇಲೆ ಬೆರಳಷ್ಟು ಸಣ್ಣಗಾದ ಒಂದು ಹೆಣ್ಣುಜೀವ. ಜೀವ ಸಣ್ಣದಾದರೂ ನಾಲಿಗೆ ಗಟ್ಟಿಯಿತ್ತು.

"ಇವಳೇನಾ ಓದೋಳು? ಗಂಟಲು ಚೆನ್ನಾಗಿದೆಯಾ, ಇಲ್ಲ ಇವನ ಥರಾನೇ ಪದ ನುಂಗ್ತೀಯಾ?"

"ನುಂಗಲ್ಲಮ್ಮ. ಬೇಕಾದ್ರೆ ಒಂದೆರಡು ಸೇರಿಸ್ತೀನಿ."

ಮುದುಕಿ ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗ ಗಾಬರಿಯಿಂದ ಕೆಮ್ಮಿದ.

ಅಂದಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಅವಳು ಅಲ್ಲಿಗೆ ಹೋಗತೊಡಗಿದಳು. ಪುಸ್ತಕದಲ್ಲಿ 'ಮರಿಮಗಳು' ಅಂತ ಕಣ್ಣಿಗೆ ಕಂಡರೆ ನಾಲಿಗೆ 'ಬೀಜದಜ್ಜಿ' ಅನ್ನಬೇಕು. ಮೊದಮೊದಲು ಬೆವರು ಇಳಿಯುತ್ತಿತ್ತು. ಬರಬರುತ್ತಾ ಧೈರ್ಯ ಬಂತು. ನಿದ್ದೆ ಮರೆತ ಊರಿನ ಕಥೆಯಲ್ಲಂತೂ ಕಥೆಗಾರ ಬರೆಯದೇ ಇದ್ದದ್ದನ್ನೂ ಹೇಳಿಬಿಟ್ಟಳು. ಅಜ್ಜಿ ಇಡೀ ಊರನ್ನ ಸಾಲಾಗಿ ಮಲಗಿಸಿ, ಮಿಸುಕಾಡಿದವರ ತಲೆಗೆ ಮೊಟಕಿದಳು ಅಂತ.

"ಅದು ನಾನು ಬರೆದಿರ್ಲಿಲ್ಲ," ಎಂದ ಅವನು, ಬಸ್ ನಿಲ್ದಾಣದವರೆಗೆ ಬಿಡಲು ಬಂದವನು.

"ಗೊತ್ತು. ಕೋಪ ಬಂತಾ?"

"ಹೊಟ್ಟೆಕಿಚ್ಚು ಬಂತು. ಅಮ್ಮ ನನ್ನ ಕಥೆಗೆ ಹಾಗೆ ಯಾವತ್ತೂ ನಕ್ಕಿಲ್ಲ."

'ಹೊಟ್ಟೆಕಿಚ್ಚಂತೆ... ಮತ್ಯಾಕೆ ಹೀಗೆ ನೋಡ್ತಿದಾರೆ?'

ಬಸ್ ಬಂತು. ಹತ್ತಲಿಲ್ಲ. ಮುಂದಿನದೂ ಬಂತು. ಅದನ್ನೂ ಬಿಟ್ಟರು. ಮಂಜುಗಡ್ಡೆಯ ಗ್ರಹದಲ್ಲಿ ಬಟ್ಟೆ ಒಣಗೋದು ಹೇಗೆ ಅಂತ ಅವಳು ಕೇಳಿದಳು, ಅವನ ಹತ್ತಿರ ಉತ್ತರ ಇರಲಿಲ್ಲ, ಇಬ್ಬರೂ ಸೇರಿ ಅದನ್ನ ಬಗೆಹರಿಸಬೇಕಿತ್ತಲ್ಲ. ಪ್ರೀತಿ ಯಾವಾಗ ಶುರುವಾಯಿತು ಅಂತ ಆಮೇಲೆ ಯಾರಾದರೂ ಕೇಳಿದ್ದರೆ ಅವಳು ಆ ಒಣಗದ ಬಟ್ಟೆಗಳನ್ನೇ ತೋರಿಸುತ್ತಿದ್ದಳೋ ಏನೋ.

ಒಂದು ಭಯ ಮಾತ್ರ ಅವಳನ್ನ ಬಿಡಲಿಲ್ಲ. ಅವನು ನಗುವುದು ತಾಯಿ ನಕ್ಕಾಗ ಮಾತ್ರ. ತಾಯಿ ಕೆಮ್ಮಿದರೆ ಇವನ ಮುಖದ ರಕ್ತ ಇಳಿಯುತ್ತಿತ್ತು. 'ಈ ಅಮ್ಮ ಇಲ್ಲದ ದಿನ ಇವರೇನಾಗ್ತಾರೆ?'

* * *

ಒಂದು ಸಂಜೆ ಮುದುಕಿ ಮಗನನ್ನ ಮಾತ್ರೆ ತರಲು ಅಟ್ಟಿದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಕರಡಕ್ಕನ ಮಣಿಕಟ್ಟು ಹಿಡಿದುಕೊಂಡಳು.

"ಈಗ ಪುಸ್ತಕದಲ್ಲಿ ಏನಿದ್ಯೋ ಅದನ್ನ ಓದು."

"ಅದನ್ನೇ... ಅದನ್ನೇ ಓದ್ತಿದೀನಲ್ಲಮ್ಮ."

"ಸುಳ್ಳಿ. ಮೂರನೇ ಕಥೆ ಕೊನೆ ಸಾಲು ಓದು. ನಾನು ಸಾಯೋದು."

ಕರಡಕ್ಕನ ಕೈಯಿಂದ ಪುಸ್ತಕ ಜಾರಿತು. ಬಗ್ಗಿ ಎತ್ತಿಕೊಂಡಳು.

"ಪುಸ್ತಕನ ಆಸ್ಪತ್ರೆ ವಿಳಾಸಕ್ಕೇ ಕಳಿಸಿ ಅಂತ ಇವನೇ ಅಚ್ಚುಮನೆಗೆ ಬರೆದಿದ್ನಂತೆ. ಇವನು ಮನೆಗೆ ಹೋಗಿದ್ದಾಗ ನನ್ನ ಕೈಗೇ ಬಂತು. ನರ್ಸ್ ಹುಡುಗಿ ಮೊದಲ ಮೂರು ಕಥೆ ಓದಿ ಹೇಳಿದ್ಲು. ಆಮೇಲೆ ಪುಸ್ತಕನ ಇವನ ಚೀಲದಲ್ಲಿ ಇಡು ಅಂದೆ."

"ಹಾಗಾದ್ರೆ ಇಷ್ಟು ದಿನ..."

"ಇಷ್ಟು ದಿನ ನೀನು ಬುರುಡೆ ಬಿಡೋದನ್ನ ಕೇಳ್ತಾ ಮಜಾ ತಗೊಂಡೆ. ಅದೂ ಅಲ್ದೆ, ನನ್ನ ಕಣ್ಣು ಮಂಜಾದ್ರೂ ಅಡುಗೆಮನೆ ಬಾಗಿಲಲ್ಲಿ ನಿಂತು ನಿನ್ನನ್ನೇ ನೋಡೋನು ಕಾಣಲ್ವಾ? ಅದನ್ನ ಇನ್ನೊಂದಷ್ಟು ದಿನ ನೋಡ್ಬೇಕಿತ್ತು."

ಕರಡಕ್ಕನಿಗೆ ಅಳಬೇಕೋ ನಾಚಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು.

"ತಪ್ಪಾಯ್ತಮ್ಮ. ನಿಮ್ಮನ್ನ ಸಾಯಿಸ್ಬಾರ್ದಿತ್ತು ನಾನು."

"ತಪ್ಪಾ? ಎಂಥಾ ಉಪಕಾರ ಮಾಡಿದೀಯ ಗೊತ್ತಾ ಮಗಳೇ?" ಮುದುಕಿ ದನಿ ತಗ್ಗಿಸಿದಳು. "ಮೂರು ಸಾವಿರ ವರ್ಷ ದುಡಿಸಿದ್ದಾನೆ ಕಣೇ ನನ್ನನ್ನ. ಮಂಡಿ ನೋವಿನ ಮುದುಕೀನ. ಒಂದು ಕಥೇಲಾದ್ರೂ ಕೂತ್ಕೋ ಅಂತ ಕುರ್ಚಿ ಹಾಕಿಲ್ಲ. ಚಿಕ್ಕ ಹುಡುಗ ಅಳ್ತಿದ್ದ, ಏನೋ ಒಂದು ಮಾತು ಹೇಳಿದೆ. ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದಾನೆ. ನನಗೆ ಸಾಕಾಗಿದೆ. ಆದ್ರೆ ಸಾಕು ಅಂದ್ರೆ ಅವನು ಒಡೆದು ಹೋಗ್ತಾನೆ. ನೀನು ಬರೆದ ಸಾಲು ಕೇಳಿದಾಗ, ಅಬ್ಬ, ಕೊನೆಗೂ ಯಾರೋ ಒಬ್ರು ನನಗೆ ಹೋಗೋಕೆ ರಜ ಕೊಟ್ರು ಅನಿಸ್ತು."

"ಅವರಿಗೆ ಹೇಳ್ಲಾ ಅಮ್ಮ?"

"ಬೇಡ. ನಾನೇ ಹೇಳ್ತೀನಿ, ಧೈರ್ಯ ಬಂದಾಗ. ಅಲ್ಲೀವರೆಗೆ ನೀನು ಬಾಯಿ ಬಿಡಬಾರ್ದು. ನನ್ನಾಣೆ. ಈಗ ಓದು."

ಕರಡಕ್ಕ ಓದಿದಳು. ಮುದುಕಿ ಕಣ್ಣು ಮುಚ್ಚಿ, "ಇನ್ನೊಂದ್ಸಲ," ಎಂದಳು. ಇನ್ನೊಮ್ಮೆ ಓದಿದಳು. ಮುದುಕಿಯ ಮುಖದ ಸುಕ್ಕುಗಳೆಲ್ಲ ಸಡಿಲಾದವು. ಮಧ್ಯಾಹ್ನದ ಔಷಧಿಯ ಜೊಂಪು ಬೇರೆ, ಹಾಗೇ ನಿದ್ದೆಗೆ ಜಾರಿದಳು. ಅಳುತ್ತಲೇ ಮೂರನೇ ಸಲ, ತನಗೆ ತಾನೇ ಓದಿಕೊಂಡಳು ಕರಡಕ್ಕ.

"...ಬೀಜದಜ್ಜಿ ನಿದ್ದೆಯಲ್ಲೇ ಹೊರಟುಹೋದಳು."

"ಸಾಕು."

ಬೆನ್ನ ಹಿಂದಿನಿಂದ ಬಂತು ದನಿ. ಅವಳು ತಿರುಗಿದಳು.

ಮಾತ್ರೆಯ ಪೊಟ್ಟಣ ಹಿಡಿದು ಅವನು ನಿಂತಿದ್ದ. ಮೊದಲು ಮಂಚದ ಹತ್ತಿರ ಓಡಿ ತಾಯಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡಿದ. ಉಸಿರಿತ್ತು. ಆಮೇಲೆ ಅವಳ ಕಡೆ ನೋಡದೆ ಬಾಗಿಲ ಕಡೆ ಕೈ ತೋರಿಸಿದ.

ಮೆಟ್ಟಿಲ ಹತ್ತಿರ ಬಂದ ಮೇಲೆ ಅವನು ಅವಳ ಕಡೆ ತಿರುಗಿದ. "ಅವಳ ಎದುರಿಗೇ ಓದಿದ್ರಲ್ಲ... ನೀನು ಸತ್ತೆ ಅಂತ. ಒಂದು ಸಲ ಸಾಯಿಸಿದ್ದು ಸಾಲ್ದಾಯ್ತಾ?"

'ಹೇಳ್ಬಿಡ್ಲಾ? ನಿಮ್ಮಮ್ಮನೇ ಕೇಳಿದ್ರು ಅಂತ... ಒಂದು ಮಾತು ಸಾಕು. ಆದ್ರೆ ಆಣೆ ಹಾಕಿದಾರೆ. ಮಗನಿಗೆ ಹೇಳೋ ಮಾತು ಅವರದ್ದು, ನನ್ನದಲ್ಲ.'

"ತಪ್ಪಾಯ್ತು," ಎಂದಳು.

"ನಿಮಗೆ ಇಸವಿ ಸರಿಹೋದ್ರೆ ಸಾಕು ಅಲ್ವಾ? ಮನುಷ್ಯರು ಏನಾದ್ರೂ ಆಗ್ಲಿ. ನಾಳೆಯಿಂದ ಬರ್ಬೇಡಿ."

ಅವಳು ಮೂರು ಮಹಡಿ ಇಳಿದಳು. ಬಸ್ ನಿಲ್ದಾಣದಲ್ಲಿ ಬಂದ ಮೊದಲನೇ ಬಸ್ಸನ್ನೇ ಹತ್ತಿದಳು. ಅಲ್ಲೀವರೆಗೂ ತಡೆದುಕೊಂಡಿದ್ದ ಅಳು ಆಮೇಲೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ತನ್ನ ಕರವಸ್ತ್ರ ಕೊಟ್ಟು, ಇಟ್ಕೋಮ್ಮ ಎಂದಳು.

* * *

ಕೆಲವು ದಿನ ಕಳೆದವು. ಪ್ರಕಾಶಕರು ಕರಡು ಕಟ್ಟನ್ನ ತಂದು ಅವಳ ಮೇಜಿನ ಮೇಲಿಟ್ಟರು.

"ಅಕ್ಕ, ಎರಡನೇ ಮುದ್ರಣ. ಅಜ್ಜೀನ ಎಲ್ಲಾ ಕಡೆ ವಾಪಸ್ ತರ್ಬೇಕಂತೆ, ಕಥೆಗಾರರು ಆವತ್ತು ಇಲ್ಲಿಗೆ ಬಂದಾಗಲೇ ಹಟ ಹಿಡಿದು ಹೇಳಿ ಹೋಗಿದ್ದು. ಬೇಗ ಮುಗಿಸಮ್ಮ."

ಅವಳು ಕೆಂಪು ಪೆನ್ನು ತೆರೆದಳು. ಮೂರನೇ ಕಥೆಯ ಕೊನೆಯ ಸಾಲಿಗೆ ಬಂದಳು. ಒಂದು ಗೆರೆ ಎಳೆದರೆ ಮುಗೀತು. ಅವನ ಕೋಪ ಇಳಿಯಬಹುದು. ಒಂದು ದಿನ ಮತ್ತೆ ಬಸ್ ನಿಲ್ದಾಣದವರೆಗೆ ಬರಲೂಬಹುದು...

ಪೆನ್ನು ಮುಚ್ಚಿದಳು.

"ಇದನ್ನ ನಾನು ಮಾಡಲ್ಲ."

ಪ್ರಕಾಶಕರ ಕನ್ನಡಕ ಮೂಗಿನ ತುದಿಗೆ ಜಾರಿತು. "ಮಾಡಲ್ಲ ಅಂದ್ರೆ? ತಪ್ಪು ನಿಂದೇ ಅಲ್ವಾ? ಬೇರೆಯವರ ಕೈಲಿ ಮಾಡಿಸ್ಬೇಕಾಗುತ್ತೆ. ಆಮೇಲೆ ನಿನ್ನ ಕೆಲಸಕ್ಕೇ ಕುತ್ತು ಬಂದ್ರೆ ನನ್ನ ಕೇಳ್ಬೇಡ."

"ಬರ್ಲಿ. ಯಾಕೆ ಅಂತ ಹೇಳೋಕಾಗಲ್ಲ. ಆದ್ರೆ ನನ್ನ ಕೈಯಿಂದ ಆಗಲ್ಲ."

ಆ ಕರಡು ಕಟ್ಟು ಹಾಗೇ ಮೇಜಿನ ಮೇಲೆ ಬಿದ್ದಿತ್ತು. ಪ್ರಕಾಶಕರು ಬಾಯಲ್ಲಿ ಗದರಿದರೇ ಹೊರತು ಅದನ್ನ ಎತ್ತಿಕೊಂಡು ಹೋಗಲಿಲ್ಲ.

ಮತ್ತೊಂದು ದಿನ, ಯಂತ್ರಗಳೆಲ್ಲ ಓಡುತ್ತಿದ್ದ ಹೊತ್ತಿನಲ್ಲಿ, ಅಚ್ಚುಮನೆ ಇದ್ದಕ್ಕಿದ್ದ ಹಾಗೆ ಮೌನವಾಯಿತು. ಅವಳು ತಲೆಯೆತ್ತಿದಳು.

ಅವನು ಅವಳ ಮೇಜಿನ ಮುಂದೆ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

"ಅಮ್ಮ ಹೋಗ್ಬಿಟ್ಲು," ಎಂದ.

ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಯಾವಾಗ?"

"ಹೋದ ವಾರ. ನಿದ್ದೇಲೇ." ಅವನು ಎದುರಿನ ಸ್ಟೂಲಿನ ಮೇಲೆ ಕೂತ. "ಆವತ್ತು ನೀವು ಹೋದ್ಮೇಲೆ ಎದ್ದು ಹುಡುಗಿ ಎಲ್ಲಿ ಅಂದ್ಲು. ಕಳಿಸ್ಬಿಟ್ಟೆ ಅಂದೆ. ಜನ್ಮದಲ್ಲಿ ತಿಂದಿರದಷ್ಟು ಬೈಗುಳ ತಿಂದೆ. ಆಮೇಲೆ ಎಲ್ಲಾ ಹೇಳಿದ್ಲು."

ಅವಳು ಮೇಜಿನ ಮೇಲೆ ಮುಂದಕ್ಕೆ ಬಾಗಿದಳು.

"ನಾನು ಅವಳ ಜೊತೆ ಮಾತೇ ಬಿಟ್ಟೆ. ಸಾಕು ಅನ್ನೋಕೆ ಅವಳಿಗೆ ಹೇಗೆ ಮನಸ್ಸು ಬಂತು ಅಂತ ಸಿಟ್ಟು. ಅವಳು ಬಿಡ್ಬೇಕಲ್ಲ. ಆ ಸಾಲು ನೀನೇ ಓದು ಅಂದ್ಲು. ದಿನಾ ಸಂಜೆ ಓದಿಸಿದ್ಲು. ಒಂದು ದಿನ ಅಳದೆ ಓದ್ದೆ. ಶಹಬ್ಬಾಸ್ ಅಂದು ನನ್ನ ತಲೆ ಸವರಿದ್ಲು. 'ಈಗ ಹೋಗಿ ಆ ಹುಡುಗೀನ ಕರ್ಕೊಂಡು ಬಾ, ನಾನೊಂದ್ಸಲ ನೋಡ್ಬೇಕು' ಅಂದ್ಲು."

ಬೈಂಡಿಂಗ್ ಮೇಜಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಕೇಳಿಸಿಕೊಳ್ಳುತ್ತಿಲ್ಲ ಅನ್ನೋ ನಾಟಕ ಬಿಟ್ಟು.

"ನಾಳೆ ಕರ್ಕೊಂಡು ಬರ್ತೀನಿ ಅಂದೆ." ಅವನು ತಲೆ ತಗ್ಗಿಸಿದ. "ಮೂರು ಸಾವಿರ ವರ್ಷದ ಲೆಕ್ಕ ಹಾಕೋನು ನಾನು. ಒಂದು ನಾಳೆಯ ಲೆಕ್ಕ ತಪ್ಪಿಬಿಟ್ಟೆ."

ಕರಡಕ್ಕನ ಕಣ್ಣು ತುಂಬಿ ಮೇಜು, ಕಾಗದ, ಅವನು, ಎಲ್ಲ ಕಲಸಿಹೋಯಿತು. 'ಕೊನೇ ಸಲ ಒಂದು ಮಾತು ಆಡೋಕೂ ಆಗ್ಲಿಲ್ವಲ್ಲ ಅಮ್ಮ...'

ಅವನ ಕಣ್ಣು ಮೇಜಿನ ಮೇಲಿದ್ದ ಕಟ್ಟಿನ ಮೇಲೆ ಬಿತ್ತು. ಎಳೆದುಕೊಂಡು ಮೂರನೇ ಕಥೆ ತೆರೆದ. ಪುಟ ಸ್ವಚ್ಛವಾಗಿತ್ತು. ಒಂದು ಕೆಂಪು ಗೆರೆಯಿಲ್ಲ.

"ತಿದ್ದಿಲ್ಲ?"

"ಇಲ್ಲ."

"ನಾನು ಹೇಳಿ ಹೋಗಿದ್ನಲ್ಲ... ಕೆಲಸ ಹೋಗ್ತಿತ್ತು ನಿಮ್ದು."

"ಅಮ್ಮ ಸಾಕು ಅಂದಿದ್ರು."

ಅವನು ಕಟ್ಟನ್ನ ಮೇಜಿನ ಮೇಲಿಟ್ಟ. "ಆವತ್ತು ಮೆಟ್ಟಿಲ ಹತ್ರ ಒಂದೇ ಒಂದು ಮಾತು ಹೇಳಿದ್ರೆ ನಾನು ನಿಮ್ಮನ್ನ ಹಾಗೆ ಕಳಿಸ್ತಿರ್ಲಿಲ್ಲ. ಬೈಸ್ಕೊಂಡು ಹೋದ್ರಿ."

"ಹೇಳಿದ್ರೆ ಅಮ್ಮ ಮಗನ ನಡುವೆ ನಾನು ಬಂದ ಹಾಗೆ ಆಗ್ತಿತ್ತು."

ಅವನು ಅವಳ ಪೆನ್ನು ತಗೊಂಡು ಪುಟದ ಕೆಳಗೆ 'ಹೀಗೇ ಇರಲಿ' ಎಂದು ಬರೆದು ಸಹಿ ಹಾಕಿದ.

"ನನಗೆ ಯಾರಾದ್ರೂ ಹೋಗೋದು ಅಂದ್ರೆ ಭಯ. ಅದಕ್ಕೇ ಅಮ್ಮನ್ನ ಬಿಟ್ಟು ಯಾರನ್ನೂ ಹತ್ರಕ್ಕೆ ಬಿಟ್ಕೊಂಡಿಲ್ಲ. ನೀವು ಹೇಗೋ ಒಳಗೆ ಬಂದ್ಬಿಟ್ರಿ. ನಿಮ್ಮನ್ನ ಕಳಿಸಿದ ದಿನದಿಂದ ಆ ಬಸ್ ನಿಲ್ದಾಣ ದಾಟೋಕಾಗ್ತಿಲ್ಲ ನನಗೆ." ಉಸಿರೆಳೆದುಕೊಂಡ. "ಇದನ್ನ ನಾಳೆ ಹೇಳೋಣ ಅಂತ ಇವತ್ತು ಬೆಳಿಗ್ಗೆನೂ ಅಂದ್ಕೊಂಡೆ. ಆಮೇಲೆ ಚಪ್ಪಲಿ ಹಾಕ್ಕೊಂಡು ಬಂದ್ಬಿಟ್ಟೆ. ನೀವಂದ್ರೆ ನನಗೆ ಇಷ್ಟ. ತುಂಬಾ."

ಗಾಜಿನ ಕೋಣೆಯಲ್ಲಿ ಪ್ರಕಾಶಕರು ಮತ್ತೆ ಅರ್ಧ ಎದ್ದು ನಿಂತಿದ್ದರು. ಈ ಸಲ ಯಾರೋ ಒಬ್ಬಳು ಅವರಿಗೆ ಕೂತ್ಕೊಳ್ಳಿ ಅಂತ ಕೈಸನ್ನೆ ಮಾಡಿದಳು.

ಕರಡಕ್ಕ ಕಣ್ಣೊರೆಸಿಕೊಂಡಳು. "ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನಾನೂ ಒಂದು ದಿನ ಸಾಯೋಳೇ."

ಅವನ ಮುಖ ಒಂದು ಕ್ಷಣ ಬಿಳುಚಿತು. ಆದರೆ ಕಣ್ಣು ತಪ್ಪಿಸಲಿಲ್ಲ. "ಗೊತ್ತು. ಗೊತ್ತಿದ್ದೇ ಬಂದಿದೀನಿ."

"ನನ್ನನ್ನ ಯಾವ ಕಥೆಗೂ ಹಾಕ್ಬಾರ್ದು."

"ಹಾಕಲ್ಲ."

"ಎಷ್ಟು ದಿನ ಇರ್ತೀನೋ ಅಷ್ಟು ದಿನ ಜೊತೆಗಿರ್ತೀನಿ. ಸಾಕಾ?"

"ಸಾಕು," ಎಂದ ಅವನು. ಹೇಳಿದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ತಾಯಿ ಹೋದಂದಿನಿಂದ ಅಳದೇ ಉಳಿದದ್ದನ್ನೆಲ್ಲ ಅಳತೊಡಗಿದ. ಅವಳು ಮೇಜು ಬಳಸಿ ಬಂದು ಅವನ ತಲೆಯನ್ನ ತನ್ನ ಭುಜಕ್ಕೆ ಒರಗಿಸಿಕೊಂಡಳು. ಇಡೀ ಅಚ್ಚುಮನೆ ನೋಡುತ್ತಿತ್ತು. ನೋಡಲಿ ಅಂದುಕೊಂಡಳು.

ಅಳು ತಗ್ಗಿದ ಮೇಲೆ, ತಪ್ಪಾಗಿ ಹಾಕಿದ್ದ ಗುಂಡಿ ಬಿಚ್ಚಿ ಸರಿಯಾಗಿ ಹಾಕುತ್ತಾ ಮೆಲ್ಲಗೆ ಕೇಳಿದಳು.

"ಊಟ ಮಾಡಿದ್ಯಾ?"

"ಇಲ್ಲ."

"ಯಾವಾಗಿಂದ?"

"ನೆನಪಿಲ್ಲ."

"ಏಳು," ಎಂದಳು, ಅವನ ಕೈ ಹಿಡಿದುಕೊಂಡು. "ಮೊದಲು ಊಟ ಮಾಡೋಣ."